ಸಕ್ಕರೆ ಬೇಡ

ನವೆಂಬರ್ ಹದಿನಾರು, ಭಾನುವಾರ

ಮಾತಿನಮಲ್ಲನಿಗೆ,

ನೀನು ಚೆನ್ನಾಗಿದ್ದೀಯೆಂದು ಮಗಳು ಹೇಳುತ್ತಿರುತ್ತಾಳೆ. ನಾನು ಚೆನ್ನಾಗಿದ್ದೇನೆಂದು ನಿನಗೂ ಅವಳೇ ಹೇಳುತ್ತಿರುತ್ತಾಳೆ. ಆದ್ದರಿಂದ ಕುಶಲೋಪರಿಯನ್ನು ಇಲ್ಲಿಗೇ ಮುಗಿಸುತ್ತೇನೆ.

ಫೋನ್ ಮಾಡಬಹುದಿತ್ತಲ್ಲ ಎಂದು ಕೇಳುತ್ತೀಯ. ನಂಬರ್ ಒತ್ತಿ, ರಿಂಗಾಗುವ ಮೊದಲೇ ಇಟ್ಟುಬಿಟ್ಟೆ. ಫೋನಿನಲ್ಲಿ ನೀನು ಮಾತಾಡುತ್ತೀಯ, ನಾನು ಹೂಂಗುಟ್ಟುತ್ತೇನೆ, ಹೇಳಬೇಕೆಂದುಕೊಂಡದ್ದು ನನ್ನ ಬಾಯಲ್ಲೇ ಉಳಿದುಬಿಡುತ್ತದೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ. ಹಾಕುತ್ತೀಯ, ಗೊತ್ತು, ಓದುತ್ತಾ ಓದುತ್ತಾ ಗೋಡೆಗೆ ಉತ್ತರ ಕೊಡುತ್ತಿರುತ್ತೀಯ. ಆದರೂ ನನಗೆ ಕೇಳಿಸುವುದಿಲ್ಲವಲ್ಲ. ಕನ್ನಡದಲ್ಲಿ ಬರೆಯುತ್ತಿರುವುದಕ್ಕೂ ಕಾರಣವಿದೆ. ನಾವಿಬ್ಬರೂ ಜಗಳಗಳನ್ನೆಲ್ಲ ಇಂಗ್ಲಿಷಿನಲ್ಲೇ ಆಡಿದೆವು. ಇದು ಜಗಳದ ಕಾಗದವಲ್ಲ.

ನಿನ್ನಿಂದ ಒಂದು ಸಹಾಯ ಆಗಬೇಕು. ನನಗಲ್ಲ, ಆಸ್ಪತ್ರೆಯ ಒಬ್ಬ ಹೆಂಗಸಿಗೆ. ಅದನ್ನು ಕೇಳುವ ಮೊದಲು ಒಂದು ವಿಷಯ ತಿಳಿಸಲೇಬೇಕು: ನಿನ್ನನ್ನು ಒಂದು ಮಾತೂ ಕೇಳದೆ, ನಿನ್ನ ದನಿಯನ್ನು ನಾನು ನಾಲ್ಕು ವರ್ಷಗಳಿಂದ ಬಳಸಿಕೊಳ್ಳುತ್ತಿದ್ದೇನೆ.

ನಾನು ಈ ಆಸ್ಪತ್ರೆಗೆ ಸೇರಿದ ಹೊಸತು ನೆನಪಿದೆಯೇ? ಹಾಸಿಗೆ ಬಿಟ್ಟು ಏಳಲಾಗದವರಿಗೂ ಧ್ಯಾನ ಹೇಳಿಕೊಡಬೇಕು, ವಾರ್ಡಿನ ಸ್ಪೀಕರಿನಲ್ಲಿ ಹಾಕಲು ಒಂದು ರೆಕಾರ್ಡಿಂಗ್ ಮಾಡಿ ಕೊಡಿ ಎಂದಿದ್ದರು. ನಮ್ಮ ಮನೆಯ ಊಟದ ಮೇಜಿನ ಮೇಲೆ ಮೊಬೈಲ್ ಇಟ್ಟುಕೊಂಡು ಕೂತಿದ್ದೆ. ‘ಈಗ ಉಸಿರನ್ನು ಬದಲಾಯಿಸಬೇಡಿ, ಸುಮ್ಮನೆ ಗಮನಿಸಿ’ ಎಂದು ಹೇಳಿ, ಉದ್ದದ ಮೌನವೊಂದನ್ನು ಬಿಟ್ಟಿದ್ದೆ. ಆ ಮೌನದೊಳಗೆ ಅಡುಗೆಮನೆ ಬಾಗಿಲು ಕಿರುಗುಟ್ಟಿತು. ನಿನ್ನ ಚಪ್ಪಲಿ ಬಂತು. ಪಿಸುಮಾತೆಂದು ನೀನು ನಂಬಿಕೊಂಡಿರುವ, ಪಕ್ಕದ ಮನೆಗೂ ಕೇಳುವ ಆ ದನಿಯಲ್ಲಿ ‘ಟೀ ಕುಡೀತೀಯಾ?’ ಎಂದು ಕೇಳಿದೆ. ನಾನು ಕಣ್ಣು ಮುಚ್ಚಿಕೊಂಡೇ, ಸುಮ್ಮನಿರೆಂದು ಕೈ ಎತ್ತಿದೆ. ಚಮಚ ಬಿತ್ತು. ‘ಅಯ್ಯಯ್ಯೋ, ಸಾರಿ ಸಾರಿ’ ಎಂದೆ ನೀನು. ಚಪ್ಪಲಿ ವಾಪಸಾಯಿತು.

ಮಿಕ್ಕದ್ದೆಲ್ಲ ಚೆನ್ನಾಗಿ ಬಂದಿತ್ತು. ಮತ್ತೊಮ್ಮೆ ಮಾಡುವ ತಾಳ್ಮೆ ಇರಲಿಲ್ಲ. ತಾಳ್ಮೆ ಕಲಿಸುವವಳಿಗೆ ತಾಳ್ಮೆ ಇಲ್ಲ ಎಂದು ನೀನು ಆಗಾಗ ಹೇಳುತ್ತಿದ್ದೆಯಲ್ಲ, ಆ ಮಾತಿಗೆ ಇದನ್ನೂ ಸೇರಿಸಿಕೊ. ಹಾಗೆಯೇ ಕೊಟ್ಟುಬಿಟ್ಟೆ.

ನಮ್ಮ ಆಸ್ಪತ್ರೆಯ ವಿಷಯ ನಿನಗೆ ಅಷ್ಟಾಗಿ ಹೇಳಿದವಳಲ್ಲ. ಗಂಡಾಂತರವೆಲ್ಲ ಬೇರೆ ಆಸ್ಪತ್ರೆಗಳಲ್ಲಿ ಮುಗಿದಿರುತ್ತದೆ. ಬದುಕಿಕೊಂಡವರು ಇಲ್ಲಿಗೆ ಬರುತ್ತಾರೆ. ಪಾರ್ಶ್ವವಾಯು ಬಡಿದವರು, ಬೆನ್ನುಹುರಿಗೆ ಪೆಟ್ಟಾದವರು, ಸೊಂಟ ಮುರಿದವರು. ನಿಲ್ಲುವುದು, ನುಂಗುವುದು, ಗುಂಡಿ ಹಾಕಿಕೊಳ್ಳುವುದು, ಎಲ್ಲವನ್ನೂ ಎರಡನೇ ಸಲ ಕಲಿಯುತ್ತಾರೆ. ಮಧ್ಯಾಹ್ನದ ಊಟವಾದ ಮೇಲೆ ವ್ಯಾಯಾಮದ ಹಾಲಿನಲ್ಲಿ ನನ್ನ ತರಗತಿ. ರಬ್ಬರ್ ಚಾಪೆಗಳ ವಾಸನೆ, ಗೋಡೆಯುದ್ದಕ್ಕೂ ಕನ್ನಡಿ. ಗಾಲಿಕುರ್ಚಿಗಳು ಅರ್ಧಚಂದ್ರಾಕಾರವಾಗಿ ಬಂದು ನಿಂತು, ಟಕ್ ಟಕ್ ಎಂದು ಬ್ರೇಕು ಹಾಕಿಕೊಂಡರೆ ಅದೇ ನಮ್ಮ ಗಂಟೆ. ಪಾಳಿ ಮುಗಿಸಿದ ನರ್ಸುಗಳೂ ಹಿಂದಿನ ಸಾಲಿನಲ್ಲಿ ಬಂದು ಕೂರುತ್ತಾರೆ. ಅರ್ಧಕ್ಕರ್ಧ ಜನ ನಿದ್ದೆ ಹೋಗುತ್ತಾರೆ. ಮೊದಮೊದಲು ನನಗೆ ಬೇಸರವಾಗುತ್ತಿತ್ತು. ‘ಮೇಡಂ, ಮನೆಗೆ ಹೋದ್ರೆ ಅಲ್ಲೊಂದು ವಾರ್ಡ್ ಕಾಯ್ತಾ ಇರತ್ತೆ. ಇಲ್ಲಿ ಕಣ್ಮುಚ್ಚಿದ್ರೆ ಯಾರೂ ಬೈಯಲ್ಲ, ಅದಕ್ಕೆ ಬರ್ತೀವಿ’ ಎಂದು ಹೆಡ್ ನರ್ಸ್ ಒಂದು ದಿನ ಹೇಳಿದರು. ಅಂದಿನಿಂದ ಎಬ್ಬಿಸುವುದನ್ನು ಬಿಟ್ಟೆ.

ಮೊದಲು ಹಾಲಿನಲ್ಲಿ ನಾನೇ ಬಾಯಿಬಿಟ್ಟು ಹೇಳುತ್ತಿದ್ದೆ. ಇಂಗ್ಲಿಷಿನಲ್ಲಿ ಕಲಿತದ್ದನ್ನು ಮನಸ್ಸಿನಲ್ಲೇ ಕನ್ನಡ ಮಾಡಿಕೊಂಡು ಹೇಳುವುದು. ಒಮ್ಮೆ, ‘ನಿಮ್ಮ ಗಮನವನ್ನು ನಿಧಾನವಾಗಿ ಪಾದಗಳತ್ತ ಕೊಂಡೊಯ್ಯಿರಿ’ ಎಂದೆ. ಬೆನ್ನುಮೂಳೆ ಮುರಿದುಕೊಂಡ ಬಸ್ ಡ್ರೈವರ್ ಒಬ್ಬರಿದ್ದಾರೆ. ಅವರು ಕಣ್ಣು ತೆರೆಯದೆಯೇ, ‘ಇಲ್ಲಿಂದ ಪಾದಕ್ಕೆ ಡೈರೆಕ್ಟ್ ಬಸ್ಸಿಲ್ಲ ಮೇಡಂ, ಸೊಂಟದ ಹತ್ರ ರಸ್ತೆ ಬಂದ್ ಆಗಿದೆ’ ಎಂದರು. ಹಾಲ್ ಎಲ್ಲ ನಕ್ಕಿತು. ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಆಮೇಲೆ ಡ್ರೈವರೇ, ‘ವಾರ್ಡಲ್ಲಿ ಹಾಕ್ತೀರಲ್ಲ, ಅದನ್ನೇ ಇಲ್ಲೂ ಹಾಕಿ. ಅದರಲ್ಲಿ ಟೀ ಇದೆ’ ಎಂದು ಕೇಳಿಕೊಂಡರು.

ಹಾಗೆ ನೀನು ಹಾಲಿಗೆ ಬಂದೆ. ಜನ ಕಣ್ಣು ಮುಚ್ಚಿ ನಿನಗಾಗಿ ಕಾಯುತ್ತಾರೆ. ಕಿರುಗುಟ್ಟುವ ಬಾಗಿಲಿಗೆ ಎಲ್ಲರ ಮುಖದಲ್ಲೂ ಒಂದು ಸಡಿಲ. ‘ಟೀ ಕುಡೀತೀಯಾ?’ ಎಂದ ಕೂಡಲೇ ಡ್ರೈವರ್, ‘ಇಲ್ಲಿಗೂ ಒಂದು ತಾರಣ್ಣ’ ಎನ್ನುತ್ತಾರೆ. ಚಮಚ ಬಿದ್ದಾಗ ಹಿಂದಿನ ಸಾಲಿನ ಯಾವುದಾದರೂ ನರ್ಸು ಬೆಚ್ಚಿ ಎದ್ದು, ಮತ್ತೆ ಮಲಗುತ್ತಾಳೆ. ಮಿಕ್ಕ ಅವಧಿಯಲ್ಲಿ ನಾನು ಹೇಳುವುದನ್ನು ಎಷ್ಟು ಜನ ಕೇಳಿಸಿಕೊಳ್ಳುತ್ತಾರೋ, ಗೊತ್ತಿಲ್ಲ. ಹೇಳಿಕೊಡುತ್ತಿರುವುದು ನಾನೋ ನೀನೋ ಎಂಬ ಅನುಮಾನ ನನಗೇ ಬಂದದ್ದುಂಟು.

ಆ ದನಿ ಯಾರದು ಎಂದು ಹೆಡ್ ನರ್ಸ್ ಕೇಳಿದ್ದರು. ‘ರೆಕಾರ್ಡಿಂಗ್‌ಗೆ ಬಂದಿದ್ದವರು ಯಾರೋ’ ಎಂದುಬಿಟ್ಟೆ. ಆ ಹೊತ್ತಿಗೆ ನೀನು ವರ್ಗ ಮಾಡಿಸಿಕೊಂಡು ಹೋಗಿಯಾಗಿತ್ತು. ಗಂಡ ಎಂದಿದ್ದರೆ ಮುಂದಿನ ಪ್ರಶ್ನೆಗಳು ಬರುತ್ತಿದ್ದವು.

ಈ ಸೆಪ್ಟೆಂಬರಿನಲ್ಲಿ ನಿನ್ನನ್ನು ಅಳಿಸಿಬಿಟ್ಟೆ. ಕಂಪ್ಯೂಟರ್ ವಿಭಾಗದವರು, ಹಿನ್ನೆಲೆಯ ಗದ್ದಲವನ್ನೆಲ್ಲ ತೆಗೆದುಕೊಡುತ್ತೇವೆ ಎಂದರು. ಒಪ್ಪಿದೆ. ಏಕೆ ಒಪ್ಪಿದೆನೆಂದು ಈಗ ಕೇಳಬೇಡ. ಬಾಗಿಲು, ಚಪ್ಪಲಿ, ನೀನು, ಚಮಚ, ಎಲ್ಲವನ್ನೂ ತೆಗೆಯಲು ಅವರಿಗೆ ಒಂದು ಲೋಟ ಟೀ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಮರುದಿನ ಆ ಹೊಸದನ್ನು ಹಾಕಿದೆ. ಆ ಜಾಗ ಬಂತು. ಏನೂ ಇರಲಿಲ್ಲ. ಒಬ್ಬೊಬ್ಬರಾಗಿ ಕಣ್ಣು ತೆರೆದರು. ‘ಅಣ್ಣ ಎಲ್ಲಿ ಮೇಡಂ? ಏನಾದ್ರೂ ಆಯ್ತಾ ಅವರಿಗೆ?’ ಎಂದು ಡ್ರೈವರ್ ನಿಜವಾದ ಗಾಬರಿಯಿಂದ ಕೇಳಿದರು. ಇಂಥ ಜಾಗದಲ್ಲಿ ಯಾರಾದರೂ ಕಾಣದಾದರೆ ಜನ ಮೊದಲು ಯೋಚಿಸುವುದು ಅದನ್ನೇ. ಹಳೆಯದನ್ನು ಹುಡುಕಿಸಿ, ಅದರ ಮಾರನೆಯ ದಿನವೇ ವಾಪಸು ಹಾಕಿದೆ.

ಅದೇ ದಿನ ಹಾಲಿಗೆ ಹೊಸಬರೊಬ್ಬರು ಬಂದಿದ್ದರು. ನಾನು ಹೇಳಿದ ಹೆಂಗಸು ಅವರೇ.

ನರ್ಸುಗಳು ಅವರನ್ನು ಟೈಲರಮ್ಮ ಎನ್ನುತ್ತಾರೆ. ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ಅವರದು. ಮದುವೆಯಾಗಿಲ್ಲ, ಅಂಗಡಿಯೇ ಸಂಸಾರ. ಬಟ್ಟೆ ಕತ್ತರಿಸುತ್ತಿದ್ದವರು ಹಾಗೆಯೇ ಕುಸಿದರಂತೆ. ಬಲಗೈ ಏಳುವುದಿಲ್ಲ. ಮಾತು ಪೂರ್ತಿ ನಿಂತುಹೋಗಿತ್ತು. ನಾವು ಹೇಳಿದ್ದೆಲ್ಲ ಅರ್ಥವಾಗುತ್ತದೆ, ಹೇಳಬೇಕಾದದ್ದು ಒಳಗೆ ಇರುತ್ತದೆ, ಪದ ಮಾತ್ರ ಕೈಗೆ ಸಿಗುವುದಿಲ್ಲ. ಹೌದು ಎನ್ನಲೂ ಇಲ್ಲ ಎನ್ನಲೂ ತಲೆ ಒಂದೇ ಥರ ಆಡುತ್ತದೆ. ಆದರೆ ಕಣ್ಣು ಮಾತ್ರ ಕೆಲಸ ಬಿಟ್ಟಿಲ್ಲ. ಯಾರು ಬಂದರೂ ಮೊದಲು ಅವರ ಹೊಲಿಗೆ ನೋಡುತ್ತಾರೆ. ದೊಡ್ಡ ಡಾಕ್ಟರ ಕೋಟಿನ ಭುಜ ಸರಿಯಾಗಿ ಕೂತಿಲ್ಲವೆಂದು ಎಡಗೈಯಲ್ಲಿ ಎಳೆದು ತೋರಿಸಿದ್ದರು.

ಜೊತೆಗೆ ತಂಗಿ ಇರುತ್ತಾಳೆ. ಒಳ್ಳೆಯವಳು, ಬೆಳಗಿನಿಂದ ಸಂಜೆಯವರೆಗೆ ಅಕ್ಕನ ಕೈಕಾಲು ನೀವುತ್ತಾಳೆ. ಆದರೆ ಪ್ರಶ್ನೆ ಯಾರಿಗೆ ಕೇಳಿದರೂ ಉತ್ತರ ಅವಳದೇ. ‘ನೀವು ಹೇಳ್ಬೇಡಿ, ಅವರೇ ಹೇಳ್ಲಿ’ ಎಂದು ಮಾತಿನ ಚಿಕಿತ್ಸೆಯ ಡಾಕ್ಟರಮ್ಮ ಎಷ್ಟೋ ಸಲ ಹೇಳಿದರು. ‘ನಾನೆಲ್ಲಿ ಹೇಳ್ದೆ? ಅವಳು ಏನ್ ಹೇಳ್ತಾಳೋ ಅದನ್ನ ಹೇಳ್ದೆ ಅಷ್ಟೆ!’

ಆ ಮಧ್ಯಾಹ್ನ ಬಾಗಿಲು ಕಿರುಗುಟ್ಟಿತು. ಚಪ್ಪಲಿ ಬಂತು. ‘ಟೀ ಕುಡೀತೀಯಾ?’ ಎಂದೆ ನೀನು.

‘ಸಕ್ಕರೆ ಬೇಡ.’

ದನಿ ತುಸು ಒರಟಾಗಿತ್ತು, ಆದರೆ ಮಾತು ಸ್ಪಷ್ಟವಾಗಿತ್ತು. ಡ್ರೈವರ್ ತಮ್ಮ ಮಾತನ್ನು ಹೇಳಲು ಬಾಯಿ ತೆರೆದವರು ಹಾಗೆಯೇ ಉಳಿದರು. ಟೈಲರಮ್ಮ ಇನ್ನೂ ಕಣ್ಣು ಮುಚ್ಚಿಕೊಂಡೇ ಇದ್ದರು. ತಾವು ಮಾತಾಡಿದ್ದು ಅವರಿಗೇ ಗೊತ್ತಿರಲಿಲ್ಲ. ತಂಗಿ ಎದ್ದು ನಿಂತು, ‘ಅಯ್ಯೋ ಅಕ್ಕಾ, ಬಂದಾಗಿಂದ ಎರಡೆರಡು ಚಮಚ ಹಾಕಿ ಕುಡಿಸ್ತಿದ್ದೀನಲ್ಲೇ!’ ಎಂದು ಕೂಗಿದಳು. ಆಮೇಲೆ ಅಳತೊಡಗಿದಳು. ರೆಕಾರ್ಡಿಂಗಿನಲ್ಲಿ ನಾನು ‘ಉಸಿರನ್ನು ಗಮನಿಸಿ’ ಎನ್ನುತ್ತಲೇ ಇದ್ದೆ. ಯಾರೂ ಗಮನಿಸಲಿಲ್ಲ.

ಮಾರನೆಯ ದಿನ ಪರೀಕ್ಷೆಗಳು ಶುರುವಾದವು. ಡಾಕ್ಟರಮ್ಮ ಕೇಳಿದರು, ‘ಟೀ ಕುಡೀತೀರಾ?’ ಉತ್ತರವಿಲ್ಲ. ಹೆಡ್ ನರ್ಸ್ ಕೇಳಿದರು. ದೊಡ್ಡ ಡಾಕ್ಟರು ಶಿಷ್ಯರ ಹಿಂಡಿನೊಂದಿಗೆ ಬಂದು, ಕೋರ್ಟಿನಲ್ಲಿ ಸಾಕ್ಷಿಯನ್ನು ಕೇಳುವಂತೆ ಕೇಳಿದರು. ಟೈಲರಮ್ಮನ ಹಣೆಯಲ್ಲಿ ಬೆವರು ಬಂತು, ಮಾತು ಬರಲಿಲ್ಲ. ನಾನೂ ಪ್ರಯತ್ನಿಸಿದೆ. ನಗಬೇಡ. ಚಪ್ಪಲಿ ಎಳೆದುಕೊಂಡು ಬಂದು, ನಿನ್ನ ಹಾಗೆಯೇ ಕೊನೆಯಲ್ಲಿ ದನಿ ಏರಿಸಿ ಕೇಳಿ, ಚಮಚವನ್ನೂ ಬೀಳಿಸಿದೆ. ಅವರು ನಕ್ಕುಬಿಟ್ಟರು. ಕಾಯಿಲೆಯಾದ ಮೇಲೆ ಮೊದಲ ಸಲ ನಕ್ಕದ್ದಂತೆ, ಅದೂ ನನ್ನ ನಾಟಕ ನೋಡಿ. ಮಾತು ಮಾತ್ರ ಇಲ್ಲ. ರೆಕಾರ್ಡಿಂಗ್ ಹಾಕಿದರೆ ಮತ್ತೆ ಅದೇ: ‘ಸಕ್ಕರೆ ಬೇಡ.’

ಡಾಕ್ಟರಮ್ಮ ಅದರ ಕಾರಣವನ್ನು ಹೀಗೆ ವಿವರಿಸಿದರು. ನಾವೆಲ್ಲ ಅವರ ಬಾಯನ್ನೇ ನೋಡುತ್ತಾ, ಮಾತು ಬರುತ್ತದೋ ಇಲ್ಲವೋ ಎಂದು ಕಾಯುತ್ತಾ ಕೇಳುತ್ತೇವೆ. ಹಾಗೆ ಕಾದಷ್ಟೂ ಪದ ಹಿಂದಕ್ಕೆ ಸರಿಯುತ್ತದೆ. ರೆಕಾರ್ಡಿಂಗಿನ ಆ ಮನುಷ್ಯನಿಗೆ ಅವರ ಮಾತು ಬೇಕಿಲ್ಲ, ಟೀ ಮಾಡಬೇಕೋ ಬೇಡವೋ ಅಷ್ಟು ತಿಳಿದರೆ ಸಾಕು. ಅದಕ್ಕೇ ಅವರ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ.

ಇದನ್ನು ಕೇಳಿದಾಗಿನಿಂದ ನನ್ನ ಕೆಲಸದ ಬಗ್ಗೆಯೇ ಯೋಚಿಸುತ್ತಿದ್ದೇನೆ. ಸುಮ್ಮನಿರಿ, ಏನನ್ನೂ ಸಾಧಿಸಬೇಡಿ ಎಂದು ದಿನವೂ ಹೇಳುತ್ತೇನೆ. ಹೇಳುತ್ತಾ ಒಂದೊಂದೇ ಮುಖವನ್ನು ನೋಡಿ, ಯಾರು ಎಷ್ಟು ಸುಮ್ಮನಾದರೆಂದು ಮನಸ್ಸಿನಲ್ಲೇ ಅಂಕ ಹಾಕುತ್ತಿರುತ್ತೇನೆ. ಮನೆಯಲ್ಲೂ ಹಾಗೆಯೇ ಇದ್ದೆನೇ? ಇದಕ್ಕೆ ನೀನು ಉತ್ತರ ಬರೆಯಬೇಕಿಲ್ಲ.

ಈಗ ಅವಸರವೇನೆಂದು ಹೇಳುತ್ತೇನೆ. ಟೈಲರಮ್ಮನ ಅಂಗಡಿ ಬೀಗ ಹಾಕಿ ಬಿದ್ದಿದೆ. ತಂಗಿಯ ಗಂಡ ಅದನ್ನು ಮೊಬೈಲ್ ಮಾರುವವರೊಬ್ಬರಿಗೆ ವಹಿಸಿಕೊಡಲು ಮಾತಾಡಿದ್ದಾನೆ. ಕೆಟ್ಟ ಮನಸ್ಸಿನಿಂದಲ್ಲ. ಕೈ ಬಾರದ ಮೇಲೆ ಅಂಗಡಿ ಇಟ್ಟುಕೊಂಡು ಏನು ಮಾಡುತ್ತಾಳೆ ಎಂಬುದು ಗಂಡಹೆಂಡಿರ ಯೋಚನೆ. ಈ ತಿಂಗಳ ಕೊನೆಗೆ ಬೀಗದ ಕೈ ಕೊಡಬೇಕು. ಹಾಸಿಗೆಯ ಪಕ್ಕ ನಿಂತು ಅಕ್ಕನನ್ನು ಕೇಳಿದರಂತೆ. ಟೈಲರಮ್ಮ ಗೋಡೆಯ ಕಡೆ ತಿರುಗಿಕೊಂಡರು. ‘ಬೇಡ ಅನ್ನೋ ಹಾಗಿದ್ರೆ ಏನಾದ್ರೂ ಮಾಡ್ತಿದ್ಲು ಮೇಡಂ. ಸುಮ್ನಿದ್ಲು ಅಂದ್ರೆ ಒಪ್ಪಿದ್ಲು ಅಂತ ತಾನೆ?’ ಎಂದು ತಂಗಿ ನನ್ನನ್ನೇ ಕೇಳಿದಳು.

ಮೌನ ಸಮ್ಮತಿ ಲಕ್ಷಣ. ಗಾದೆ ಮಾಡಿದವರು ಯಾರೋ, ನಿನ್ನಂಥ ಮಾತುಗಾರರೇ ಇರಬೇಕು.

ನೀನು ವರ್ಗದ ವಿಷಯ ಹೇಳಿದ ದಿನ ನಾನು ಬಟ್ಟೆ ಮಡಿಸುತ್ತಿದ್ದೆ. ನಿನ್ನ ಲಿಫ್ಟ್ ಕಂಪನಿಯ ಹೊಸ ಊರಿನ ಶಾಖೆ, ಅಲ್ಲಿನ ಎತ್ತರದ ಕಟ್ಟಡಗಳು, ನೀನು ನೋಡಿಕೊಳ್ಳಬೇಕಾದ ಅವುಗಳ ಲಿಫ್ಟುಗಳು, ನೀನು ಹೇಳುತ್ತಲೇ ಹೋದೆ. ‘ಏನ್ ಅಂತೀಯ?’ ಎಂದೆ. ನಾನು ಮಡಿಸುತ್ತಲೇ ಇದ್ದೆ. ‘ಸರಿ ಹಾಗಾದ್ರೆ’ ಎಂದೆ ನೀನು. ಈಗ ತಪ್ಪು ಯಾರದೆಂದು ಲೆಕ್ಕ ಹಾಕಲು ಇದನ್ನು ಬರೆಯುತ್ತಿಲ್ಲ. ತಂಗಿಯ ಪ್ರಶ್ನೆಗೆ ನಾನು ಅಷ್ಟು ಬೇಗ, ಅಷ್ಟು ಜೋರಾಗಿ ‘ಅಲ್ಲ, ಹಾಗಲ್ಲ’ ಎಂದದ್ದು ಏಕೆಂದು ನಿನಗೆ ಗೊತ್ತಾಗಲಿ ಎಂದಷ್ಟೆ. ಅವಳು ಬೆಚ್ಚಿಬಿದ್ದಳು, ಪಾಪ.

ಟೈಲರಮ್ಮನ ಮನಸ್ಸಿನಲ್ಲಿ ಏನಿದೆಯೋ ನನಗೂ ಗೊತ್ತಿಲ್ಲ. ಬಿಟ್ಟುಕೊಡುವ ಮನಸ್ಸೇ ಇರಬಹುದು. ಆದರೆ ಅದನ್ನು ಅವರೇ ಹೇಳಬೇಕು. ಟೀಗೆ ಸಕ್ಕರೆ ಬೇಡವೆಂಬುದೇ ಇಷ್ಟು ದಿನ ಯಾರಿಗೂ ಗೊತ್ತಾಗದ ಮನೆಯಲ್ಲಿ, ಅಂಗಡಿಯ ವಿಷಯ ಬೇರೆಯವರು ಹೇಳುವುದೆಂದರೇನು?

ಡಾಕ್ಟರಮ್ಮ ಮೊನ್ನೆ ನನ್ನನ್ನು ಕೋಣೆಗೆ ಕರೆದರು. ರೆಕಾರ್ಡಿಂಗಿನಲ್ಲಿರುವುದು ಒಂದೇ ಪ್ರಶ್ನೆ, ಅದರಿಂದ ಬರುವುದೂ ಒಂದೇ ಉತ್ತರ. ಆ ಮನುಷ್ಯ ಸಿಕ್ಕಿದರೆ, ಬಂದು ಪಕ್ಕದಲ್ಲಿ ಕೂತು ನಾಲ್ಕು ಮಾತಾಡಿದರೆ ಬೇರೆ ಪದಗಳೂ ಹೊರಬರಬಹುದು. ಯಾರು ಮೇಡಂ ಅವರು, ಎಲ್ಲಿದ್ದಾರೆ, ಎಂದರು. ಹೆಡ್ ನರ್ಸೂ ಅಲ್ಲೇ ಇದ್ದರು. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ನನ್ನ ಗಂಡ ಎಂದೆ.

ಹೆಡ್ ನರ್ಸ್ ಹಣೆ ಚಚ್ಚಿಕೊಂಡರು. ‘ನಾಲ್ಕು ವರ್ಷದಿಂದ ಆ ಮನುಷ್ಯ ದಿನಾ ಟೀ ಕುಡೀತೀಯಾ ಅಂತ ಕೇಳ್ತಾನೇ ಇದ್ದಾರೆ. ಒಂದಿನಾನೂ ಉತ್ತರ ಕೊಟ್ಟಿಲ್ವಲ್ರೀ ನೀವು!’

ಆದ್ದರಿಂದ ಕೇಳುತ್ತಿದ್ದೇನೆ. ಮುಂದಿನ ಶನಿವಾರ ಬರಲಾಗುತ್ತದೆಯೇ? ನೀನು ಏನನ್ನೂ ಸಿದ್ಧ ಮಾಡಿಕೊಳ್ಳುವುದು ಬೇಡ. ಲಿಫ್ಟಿನ ಕಥೆಗಳನ್ನೇ ಹೇಳು. ಮದುವೆಯ ದಿಬ್ಬಣ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡು, ಮದುಮಗ ಮಾತ್ರ ಹೊರಗೆ ಉಳಿದದ್ದನ್ನು ಹೇಳು. ನಡುನಡುವೆ ನಿನಗೆ ತೋಚಿದ್ದನ್ನು ಅವರನ್ನು ಕೇಳು. ಉತ್ತರಕ್ಕೆ ಕಾಯಬೇಡ, ಅದು ನಿನಗೆ ಕಷ್ಟವೇನೂ ಅಲ್ಲ. ಅಂಗಡಿಯ ವಿಷಯವನ್ನು ನೇರವಾಗಿ ಎತ್ತಬೇಡ, ತಾನಾಗಿ ಬಂದರೆ ಬರಲಿ. ನಿನ್ನ ಅಂಗಿಯ ಕಾಲರನ್ನು ಅವರು ಎಳೆದು ನೋಡುತ್ತಾರೆ, ಸಿಟ್ಟಾಗಬೇಡ.

ರೋಗಿಗಳ ಕಡೆಯವರಿಗೆಂದು ಆಸ್ಪತ್ರೆಯ ಹಿಂಭಾಗದಲ್ಲಿ ಕೋಣೆಗಳಿವೆ, ಸ್ವಚ್ಛವಾಗಿವೆ. ಒಂದನ್ನು ಹೇಳಿಟ್ಟರೆ ಆಯಿತು. ಮನೆಯಲ್ಲೂ ಮಗಳ ಕೋಣೆ ಖಾಲಿಯಿದೆ, ಅವಳು ಹಾಸ್ಟೆಲಿನಿಂದ ಬರುವುದು ಪರೀಕ್ಷೆ ಮುಗಿದ ಮೇಲೆ. ಎಲ್ಲಿ ಅನುಕೂಲವೋ ನೋಡಿಕೊ. ನನಗಾಗಿ ಬಾ ಎಂದು ಕರೆಯುತ್ತಿಲ್ಲ, ಅದು ಸ್ಪಷ್ಟವಿರಲಿ. ಟೈಲರಮ್ಮನಿಗಾಗಿ. ಬರಲಾಗದಿದ್ದರೆ ಹಾಗೆಂದು ಒಂದು ಸಾಲು ಬರೆದರೆ ಸಾಕು, ನಾನು ತಪ್ಪು ತಿಳಿಯುವುದಿಲ್ಲ.

ಕಾಗದ ಉದ್ದವಾಯಿತು. ಇಷ್ಟು ಮಾತನ್ನು ನಾನು ನಿನ್ನೊಂದಿಗೆ ಒಂದೇ ಉಸಿರಿನಲ್ಲಿ ಎಂದೂ ಆಡಿರಲಿಲ್ಲ.

ನಿನ್ನಮ್ಮ ಪ್ರೀತಿಯಿಂದಲೋ ಬೇಸರದಿಂದಲೋ ಹೆಸರಿಟ್ಟ
ಮೌನಗೌರಿ

ಮರೆತ ಮಾತು: ಸೋಮವಾರ ಸಂಜೆ ಇದನ್ನು ಸೇರಿಸುತ್ತಿದ್ದೇನೆ. ಇವತ್ತು ಗಾಲಿಕುರ್ಚಿಯೊಂದರ ಬ್ರೇಕಿಗೆ ಸಿಕ್ಕಿ ನನ್ನ ಕುರ್ತಾದ ತೋಳು ಹರಿಯಿತು. ನನಗೆ ತುಂಬ ಇಷ್ಟವಾದ ಉಡುಪು, ನಿಜಕ್ಕೂ ಸಂಕಟವಾಯಿತು. ಪಕ್ಕದಲ್ಲೇ ಟೈಲರಮ್ಮ ಇದ್ದರು. ಯಾವ ಚಿಕಿತ್ಸೆಯೂ ನೆನಪಿರಲಿಲ್ಲ, ಬರೀ ತೋಳಿನ ಚಿಂತೆಯಲ್ಲಿ ‘ಅಯ್ಯೋ, ಇದು ಸರಿ ಹೋಗತ್ತಾ?’ ಎಂದೆ. ಅವರು ಎಡಗೈಯಲ್ಲಿ ಹಿಡಿದು, ಹರಿದ ಜಾಗವನ್ನು ಮಗುಚಿ ನೋಡಿ, ‘ಅಂಗಡಿಗೆ ತಾ’ ಎಂದರು. ತಂಗಿ ತನ್ನ ಜನ್ಮದಲ್ಲೇ ಮೊದಲ ಸಲ ಸುಮ್ಮನಾದಳು. ಆಮೇಲೆ ಮೆಲ್ಲಗೆ, ‘ಯಾವ ಅಂಗಡಿಗೆ ಅಕ್ಕಾ?’ ಎಂದಳು. ಮಂಕು ಗಿರಾಕಿಯನ್ನು ನೋಡುವ ಹಾಗೆ ಅವಳನ್ನು ನೋಡಿ, ಬಹಳ ಹೊತ್ತು ತಡಕಾಡಿ, ಟೈಲರಮ್ಮ ‘ನಂದು’ ಎಂದರು. ತಂಗಿ ಗಂಡನಿಗೆ ಫೋನ್ ಮಾಡಲು ಹೊರಗೆ ಹೋದಳು. ಡಾಕ್ಟರಮ್ಮನ ಸಂತೋಷ ಹೇಳತೀರದು. ‘ಇನ್ನು ನಿಮ್ಮ ಯಜಮಾನ್ರಿಗೆ ಯಾಕೆ ಸುಮ್ನೆ ತೊಂದ್ರೆ? ಕಾಗದ ಇನ್ನೂ ಹಾಕಿಲ್ಲ ತಾನೆ?’ ಎಂದು ಕೇಳಿದರು. ಬೆಳಿಗ್ಗೆಯೇ ಹಾಕಿಬಿಟ್ಟೆ ಎಂದೆ. ಲಕೋಟೆ ನನ್ನ ಚೀಲದಲ್ಲೇ ಇತ್ತು. ಈಗ ಅಂಟಿಸಿ, ಹಾಕಿ ಬರುತ್ತೇನೆ.